ಸಹಾಯ ಬೇಕು: ಕೇಬಲ್‌ನಲ್ಲಿ ಫೈಲ್ ಕಳಿಸಿದರೆ ಡೆಸ್ಕ್‌ಟಾಪ್ ಕ್ರ್ಯಾಶ್

ಅಪ್ಪನ ಅರವತ್ತರ ಸಮಾರಂಭದ ವಿಡಿಯೊಗಳನ್ನು ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್‌ನ ಶೇರ್ಡ್ ಫೋಲ್ಡರ್‌ಗೆ ಹಾಕುತ್ತಿದ್ದೇನೆ. ಎರಡರಲ್ಲೂ ವಿಂಡೋಸ್ 10. ಫೋಟೊಗಳು ಆರಾಮಾಗಿ ಹೋಗುತ್ತವೆ. ದೊಡ್ಡ ವಿಡಿಯೊ ಹಾಕಿದರೆ ಮಾತ್ರ ಎರಡು ಮೂರು ನಿಮಿಷಕ್ಕೆ ಡೆಸ್ಕ್‌ಟಾಪ್‌ನಲ್ಲಿ ನೀಲಿ ಪರದೆ: 'ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್'. ಅದರ ಕೆಳಗೆ ನೆಟ್‌ವರ್ಕ್ ಡ್ರೈವರ್ (ನೆಟ್‌ವರ್ಕ್ ಚಿಪ್ಪನ್ನು ವಿಂಡೋಸ್ ಬಳಸಲು ಬೇಕಾದ ಸಾಫ್ಟ್‌ವೇರ್) ಫೈಲ್‌ನ ಹೆಸರು. ಆಮೇಲೆ ತಾನಾಗಿಯೇ ರೀಸ್ಟಾರ್ಟ್.

ಕೇಬಲ್, ರೂಟರ್ ಪೋರ್ಟ್ ಎರಡೂ ಬದಲಿಸಿದೆ. ಡ್ರೈವರ್ ತೆಗೆದು ಹೊಸದು ಹಾಕಿದೆ. ರಾತ್ರಿಯಿಡೀ ಮೆಮ್‌ಟೆಸ್ಟ್ (ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ) ಓಡಿಸಿದೆ, ಒಂದೂ ಎರರ್ ಇಲ್ಲ. ಪೆನ್‌ಡ್ರೈವ್‌ನಿಂದ ಅದೇ ಫೈಲ್ ಸಲೀಸಾಗಿ ಬರುತ್ತದೆ. ಅಂದರೆ ಡಿಸ್ಕ್ ಸರಿ ಇದೆ ಅಲ್ವಾ?

ತಲೆ ಕೆಡುತ್ತಿರುವುದು ಇಲ್ಲೇ. ವೈಫೈನಲ್ಲಿ ತುಂಬಾ ನಿಧಾನ, ಆದರೆ ಕ್ರ್ಯಾಶ್ ಇಲ್ಲ. ಕೇಬಲ್ ಹಾಕಿದರೆ ಮಾತ್ರ ಬೀಳುತ್ತದೆ. ಇದು ಮದರ್‌ಬೋರ್ಡ್‌ನಲ್ಲಿ ಕೇಬಲ್ ಸಂಪರ್ಕ ನೋಡಿಕೊಳ್ಳುವ ಲ್ಯಾನ್ ಚಿಪ್ಪಿನ ದೋಷವಾ, ಡ್ರೈವರ್‌ನದ್ದಾ? ಹಳೆಯ ವರ್ಷನ್ ಡ್ರೈವರ್ ಹಾಕಿ ನೋಡಲಾ, ಇಲ್ಲಾ ನೇರವಾಗಿ ಬೇರೆ ಲ್ಯಾನ್ ಕಾರ್ಡ್ ಕೊಳ್ಳಲಾ?