ಮಗಾ, ನಿನ್ನೆ ರಾತ್ರಿಯ ನಿನ್ನ ಮೆಸೇಜಿಗೆ

ಮಗಾ, ಚಿಕ್ಕಮ್ಮ ಮಾತಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಪುರುಸೊತ್ತಾದಾಗ ಕೇಳು. ನೀನು ಗ್ರೂಪಿನಲ್ಲೇ ಕೇಳಿದ್ದರಿಂದ ನಾನೂ ಇಲ್ಲೇ ಹೇಳುತ್ತೇನೆ. ಈ ಪ್ರಶ್ನೆ ನಿನ್ನೊಬ್ಬನದೇ ಅಲ್ಲ.

ರಾತ್ರಿ ಒಂದೂವರೆಗೆ ನೀನು ಬರೆದಿದ್ದೆ: "ಅಮ್ಮನನ್ನು ನೋಡಿಕೊಳ್ಳಲು ಕೆಲಸ ಬಿಟ್ಟೆ. ಒಂದೂವರೆ ವರ್ಷ ಪ್ರಾರ್ಥನೆ ಮಾಡಿದೆವು. ಅಮ್ಮನೂ ಉಳಿಯಲಿಲ್ಲ, ಕೆಲಸವೂ ಇಲ್ಲ. ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಪ್ರಸಂಗಿ ಹೇಳಿದ್ದೇ ಸರಿ, ಸಮಸ್ತವೂ ವ್ಯರ್ಥ."

ಬೆಳಿಗ್ಗೆ ಎದ್ದು ನೋಡಿದರೆ ಅದರ ಕೆಳಗೆ ಬೈಬಲ್ ವಚನಗಳು, ಕೈಮುಗಿದ ಚಿತ್ರಗಳು. ಎಲ್ಲರೂ ಪ್ರೀತಿಯಿಂದಲೇ ಹಾಕಿದ್ದಾರೆ. ಆದರೆ "ಹಾಗೆಲ್ಲ ಹೇಳಬಾರದು, ಅದು ಅವಿಶ್ವಾಸ" ಅಂತ ಬಂದದ್ದು ನನಗೆ ಸರಿ ಅನ್ನಿಸಲಿಲ್ಲ. ನೀನು ಹೇಳಿದ ಮಾತು ಬೈಬಲಿನ ಪ್ರಸಂಗಿ ಪುಸ್ತಕದ್ದೇ ಅಲ್ವಾ? ಅದೇ ಬೈಬಲಿನಲ್ಲಿ ಎಲ್ಲಾ ಕಳಕೊಂಡ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸಿದ. ಪ್ರವಾದಿ ಎಲೀಯ ಸಾಕಪ್ಪಾ ಜೀವ ಅಂದ. ಯಾರ ಮಾತನ್ನೂ ದೇವರು ಅಳಿಸಲಿಲ್ಲ. ನಿನ್ನ ಮಾತನ್ನೂ ಅಳಿಸುವುದಿಲ್ಲ.

ಪ್ರಸಂಗಿಯ ಬಗ್ಗೆ ಒಂದು ವಿಷಯ ಹೇಳಬೇಕು. ನಾವು "ವ್ಯರ್ಥ" ಅಂತ ಓದುವ ಕಡೆ ಹೀಬ್ರೂವಿನಲ್ಲಿ ಇರುವುದು "ಹೆವೆಲ್" ಅನ್ನುವ ಶಬ್ದ ಅಂತ ನಮ್ಮ ಬೈಬಲ್ ಸ್ಟಡಿಯಲ್ಲಿ ಪಾಸ್ಟರು ತಿಳಿಸಿದ್ದರು. ಆ ಒಂದೇ ಪುಸ್ತಕದಲ್ಲಿ 38 ಸಲ ಬರುತ್ತದಂತೆ. ಅದರ ಮೊದಲ ಅರ್ಥ ಉಸಿರು, ಆವಿ. ಆದಾಮನ ಮಗ ಹೇಬೆಲನ ಹೆಸರೂ ಅದೇ ಶಬ್ದ. ಅದನ್ನು ಕೇಳಿದ ದಿನ ನನಗೆ ದೊಡ್ಡದೇನೂ ಅನ್ನಿಸಿರಲಿಲ್ಲ. ನಿನ್ನ ಅಮ್ಮನ ಕೊನೆಯ ರಾತ್ರಿ ಅರ್ಥ ಆಯಿತು.

ನೆನಪಿದೆಯಾ? ಆಕ್ಸಿಜನ್ ಮಾಸ್ಕಿನ ಒಳಗೆ ಅಕ್ಕನ ಉಸಿರಿಗೆ ಮಂಜು ಕಟ್ಟುತ್ತಿತ್ತು, ಆರುತ್ತಿತ್ತು, ಮತ್ತೆ ಕಟ್ಟುತ್ತಿತ್ತು. ನೀನು ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ. ಸ್ವಲ್ಪ ತಡವಾದರೆ ನಿನ್ನ ಉಸಿರೂ ನಿಲ್ಲುತ್ತಿತ್ತು. ಹೆವೆಲ್ ಅಂದರೆ ಅದೇ ಮಗಾ. ಹಿಡಿಯಲು ಹೋದರೆ ಸಿಗುವುದಿಲ್ಲ, ಇಟ್ಟುಕೊಳ್ಳಲು ಆಗುವುದಿಲ್ಲ. ಆದರೆ ಅದಕ್ಕೆ ಬೆಲೆ ಇಲ್ಲ ಅಂತ ಆ ರಾತ್ರಿ ಯಾರಾದರೂ ಅಂದಿದ್ದರೆ ನೀನು ಒಪ್ಪುತ್ತಿದ್ದೆಯಾ?

ನಾನು 31 ವರ್ಷ ನರ್ಸ್ ಆಗಿದ್ದವಳು. ಎಷ್ಟೋ ಜನರ ಕಣ್ಣು ಮುಚ್ಚಿದ್ದೇನೆ. ಆದರೂ ನಿನ್ನ ಚಿಕ್ಕಪ್ಪ ಹೋದಾಗ ನನ್ನ ಅನುಭವ ಯಾವುದೂ ಕೆಲಸಕ್ಕೆ ಬರಲಿಲ್ಲ. 11 ತಿಂಗಳು ಆರಾಧನೆಗೆ ಹೋಗಿ ಸುಮ್ನೆ ಕೂತು ಬಂದೆ. ಬಾಯಲ್ಲಿ ಹಾಡು ಹೊರಡುತ್ತಿರಲಿಲ್ಲ. ಆಗ ಸಭೆಯ ಒಬ್ಬ ಅಕ್ಕ ನನ್ನ ಪಕ್ಕ ಬಂದು ಕೂರುತ್ತಿದ್ದರು. ಹಾಡಿನ ಪುಸ್ತಕ ತೆರೆದು ನಮ್ಮಿಬ್ಬರ ನಡುವೆ ಹಿಡಿಯುತ್ತಿದ್ದರು, ಅಷ್ಟೇ. ಹಾಡು ಅಂತ ಒಂದು ದಿನವೂ ಹೇಳಲಿಲ್ಲ. ಸಂಜೆ ಗಂಜಿ, ಸುಟ್ಟ ಒಣಮೀನಿನ ಚಟ್ನಿ ತಂದಿಟ್ಟು ಹೋಗುತ್ತಿದ್ದರು.

ಎಲೀಯನಿಗೂ ಹಾಗೇ ಆದದ್ದು. ಜೀವ ತೆಗೆದುಬಿಡು ಅಂತ ಮಲಗಿದವನಿಗೆ ದೇವದೂತ ಮೊದಲು ಬುದ್ಧಿ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎದ್ದು ತಿನ್ನು ಅಂದ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ.

ಈಗ ನನ್ನ ನಂಬಿಕೆಯ ಬುಡ ಎಲ್ಲಿದೆ ಅಂತ ಹೇಳುತ್ತೇನೆ. ಕ್ರಿಸ್ತ ಎದ್ದು ಬರದೇ ಇದ್ದರೆ ನಮ್ಮ ನಂಬಿಕೆಯೇ ವ್ಯರ್ಥ ಅಂತ ಅಪೊಸ್ತಲ ಪೌಲನೇ ಕೊರಿಂಥದ ಸಭೆಯವರಿಗೆ ಮೊದಲ ಪತ್ರದಲ್ಲಿ ಬರೆದ. ಸುತ್ತಿ ಬಳಸಿ ಹೇಳಲಿಲ್ಲ. ಅದೇ ಪತ್ರದ 15ನೇ ಅಧ್ಯಾಯದ ಕೊನೆಯಲ್ಲಿ, ಆತನು ಎದ್ದಿದ್ದಾನೆ, ಹಾಗಾಗಿ ಕರ್ತನಲ್ಲಿ ನೀವು ಪಟ್ಟ ಶ್ರಮ ದಂಡ ಆಗುವುದಿಲ್ಲ ಅಂತ ಮುಗಿಸಿದ. ಶ್ರಮ ಅಂದರೆ ಪ್ರಸಂಗ ಮಾಡುವುದು ಮಾತ್ರ ಅಂತ ತಿಳಿಯಬೇಡ. ರಾತ್ರಿ ಮೂರು ಗಂಟೆಗೆ ನೀನು ಒದ್ದೆ ಬೆಡ್‌ಶೀಟ್ ಬದಲಿಸಿದೆಯಲ್ಲ, ಅಮ್ಮನ ಬೆನ್ನು ಹುಣ್ಣಾಗಬಾರದು ಅಂತ ಎರಡೆರಡು ಗಂಟೆಗೆ ಮಗ್ಗುಲು ತಿರುಗಿಸಿದೆಯಲ್ಲ, ಅದೂ ಸೇರಿತು. ಅಕ್ಕ ಉಳಿಯಲಿಲ್ಲ, ನಿಜ. ಯಾಕೆ ಅಂತ ನನಗೆ ಗೊತ್ತಿಲ್ಲ. ಆದರೆ ನಿನ್ನ ಕೈಗಳ ಆ ಕೆಲಸ ದೇವರ ಹತ್ತಿರ ಇದೆ ಅಂತ ನಾನು ಪೂರ್ತಿ ನಂಬುತ್ತೇನೆ.

ಯೋಹಾನನ ಸುವಾರ್ತೆಯ ಕೊನೇ ಅಧ್ಯಾಯ ನನಗೆ ತುಂಬಾ ಹತ್ತಿರ. ಯೇಸುವಿನ ಶಿಷ್ಯ ಪೇತ್ರ ಮೀನು ಹಿಡಿಯಲು ಹೋಗುತ್ತೇನೆ ಅಂತ ಎದ್ದ. ರಾತ್ರಿಯಿಡೀ ಬಲೆ ಬೀಸಿದರೂ ಏನೂ ಸಿಗಲಿಲ್ಲ. ನಾನು ಮಲ್ಪೆಯಲ್ಲಿ ಬೆಳೆದವಳು, ಬರಿದಾಗಿ ಬಂದ ದೋಣಿ ನೋಡಿದ್ದೇನೆ. ಅದರಿಂದ ಇಳಿಯುವವರು ಯಾರ ಜೊತೆಗೂ ಮಾತಾಡುವುದಿಲ್ಲ. ಬೆಳಗಾಗುವಾಗ ದಡದಲ್ಲಿ ನಿಂತವನು ಬಲಗಡೆಗೆ ಬಲೆ ಹಾಕಿ ಅಂದ, 153 ದೊಡ್ಡ ಮೀನು ಬಂತು. ನಾವು ಯಾವಾಗಲೂ ಆ 153 ಅನ್ನೇ ಹೇಳುತ್ತೇವೆ. ನನಗೆ ಜಾಸ್ತಿ ಹಿಡಿಸಿದ್ದು ಆಮೇಲಿನದ್ದು. ಅವರು ದಡಕ್ಕೆ ಬರುವ ಮೊದಲೇ ಯೇಸು ಇದ್ದಲಿನ ಬೆಂಕಿ ಹಾಕಿ ಮೀನು ಸುಡುತ್ತಿದ್ದ, ರೊಟ್ಟಿಯೂ ಇತ್ತು. ಆದರೂ, ನೀವು ಹಿಡಿದದ್ದರಲ್ಲೂ ಸ್ವಲ್ಪ ತನ್ನಿ ಅಂದ. ಆತನಿಗೆ ಅದರ ಅಗತ್ಯ ಇರಲಿಲ್ಲ. ಆದರೂ ಅವರು ದುಡಿದದ್ದನ್ನು ಕೇಳಿ ಆ ಊಟಕ್ಕೆ ಸೇರಿಸಿಕೊಂಡ.

ಇನ್ನೊಂದು, ಇದು ನರ್ಸ್ ಆಗಿ ಹೇಳುವುದು. ನಿದ್ದೆ ಬರದೆ ಎಷ್ಟು ದಿನ ಆಯಿತು? ಬದುಕಿರುವುದೇ ಬೇಡ ಅಂತ ಅನ್ನಿಸಿದರೆ ಯಾವ ಹೊತ್ತಾದರೂ ನನಗೆ ಫೋನ್ ಮಾಡು. 14416ಕ್ಕೂ ಮಾಡಬಹುದು, ಅದು ಮನಸ್ಸಿನ ತೊಂದರೆಗೆ ಸರ್ಕಾರ ನಡೆಸುವ ಸಹಾಯವಾಣಿ, ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಮ್ಮಿ ಅಂತ ಅರ್ಥ ಅಲ್ಲ. ಹಾಗೆ ಯಾರಾದರೂ ಹೇಳಿದರೆ ನನ್ನ ಹತ್ತಿರ ಕಳಿಸು.

ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಟು ಬಾ. ಬಂಗುಡೆ ತಂದಿಡುತ್ತೇನೆ. ಎರಡು ದಿನ ಮಲಗು, ತಿನ್ನು, ಮತ್ತೆ ಮಲಗು. ಭಾನುವಾರ ಮನಸ್ಸಿದ್ದರೆ ನನ್ನ ಜೊತೆ ಆರಾಧನೆಗೆ ಬಾ. ನೀನು ಹಾಡಬೇಕಂತಿಲ್ಲ, ಪುಸ್ತಕ ನಾನು ಹಿಡಿದುಕೊಳ್ಳುತ್ತೇನೆ.