ಸಹಾಯ ಬೇಕು: ಎಂಜಿಬಿಗೆ ಸರಿಯಾದ ಕ್ರ್ಯಾಂಕ್ ಪುಲ್ಲಿ ಯಾವುದು?

ನಮಸ್ಕಾರ. 1965ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಒಂದನ್ನು ಮತ್ತೆ ರಸ್ತೆಗಿಳಿಸುವ ಪ್ರಯತ್ನದಲ್ಲಿದ್ದೇನೆ. 1798 ಸಿಸಿ, ಐದು ಬೇರಿಂಗ್ ಎಂಜಿನ್. ಗಾಡಿ ಜೊತೆ ಬಂದ ಡಬ್ಬದಲ್ಲಿ ಎರಡು ಕ್ರ್ಯಾಂಕ್ ಪುಲ್ಲಿ (ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಕೂತು ಬೆಲ್ಟ್ ತಿರುಗಿಸುವ ಗಾಲಿ) ಸಿಕ್ಕಿವೆ. ಎರಡೂ ಶಾಫ್ಟಿಗೆ ಸಲೀಸಾಗಿ ಕೂರುತ್ತವೆ, ತಲೆನೋವು ಅದೇ!

ಒಂದು ಬರೀ ತಗಡು ಒತ್ತಿ ಮಾಡಿದ್ದು. ಇನ್ನೊಂದರ ತೂಕ ಜಾಸ್ತಿ, ಹಬ್‌ಗೂ ಹೊರಗಿನ ಉಂಗುರಕ್ಕೂ ನಡುವೆ ರಬ್ಬರ್ ಇದೆ. ಅದನ್ನು ಹಾಕಿ ಒಂದನೇ ಪಿಸ್ಟನ್ ಮೇಲ್ತುದಿಗೆ ತಂದರೆ, ಪುಲ್ಲಿಯ ಗೀಟು ಟೈಮಿಂಗ್ ಮುಳ್ಳಿನಿಂದ (ಕಿಡಿ ಹಾರುವ ಸಮಯ ಹೊಂದಿಸುವ ಗುರುತು) ಒಂದು ಬೆರಳಷ್ಟು ಆಚೆ ನಿಲ್ಲುತ್ತದೆ. ರಬ್ಬರ್ ಬಿರುಕು ಬಿಟ್ಟಿದೆ. ಉಂಗುರ ಜಾರಿರಬಹುದು ಅಲ್ವಾ? ಹಾಗಿದ್ರೆ ಅದನ್ನು ನಂಬಿ ಟೈಮಿಂಗ್ ಇಡುವ ಹಾಗೇ ಇಲ್ಲ.

ತಗಡಿನದರಲ್ಲಿ ಗೀಟು ಸರಿಯಾಗಿ ಕೂರುತ್ತದೆ. ಆದರೆ ಉಕ್ಕಿನ ಪಟ್ಟಿ ಇಟ್ಟು ನೋಡಿದರೆ ವಾಟರ್ ಪಂಪ್ ಪುಲ್ಲಿ ಅದರ ಸಾಲಿನಲ್ಲಿದೆ, ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಪುಲ್ಲಿ ಮಾತ್ರ 4 ಮಿ.ಮೀ. ಹಿಂದೆ. ಈ ಗಾಡಿಗೆ ಮೊದಲು ಡೈನಮೋ ಇತ್ತು, ಹಿಂದಿನ ಮಾಲೀಕರು ಅದರ ಬದಲು ಆಲ್ಟರ್ನೇಟರ್ ಹಾಕಿದ್ದಾರೆ. ತಪ್ಪು ಅಲ್ಲೇ ಇರಬಹುದು ಅಂತ ನನ್ನ ಗುಮಾನಿ.

ಇದೇ ಕಾಲದ ಗಾಡಿ ಇರುವವರು ನಿಮ್ಮ ಪುಲ್ಲಿಯ ಫೋಟೊ ಹಾಕ್ತೀರಾ? ಬೆಲ್ಟ್ ಕೂರುವ ತೋಡಿನ ನಡುವಿನಿಂದ ಹಬ್‌ನ ಹಿಂಬದಿವರೆಗಿನ ಅಳತೆ, ಹೊರ ವ್ಯಾಸ, ಇವೆರಡು ಸಿಕ್ಕರೆ ಸಾಕು. ಅಲ್ಲಿವರೆಗೆ ಬೆಲ್ಟ್ ಹಾಕಲ್ಲ.