ಅಪ್‌ಡೇಟ್: ಪಕ್ಕದ ಅಪಾರ್ಟ್‌ಮೆಂಟಿಗೆ ಒಪ್ಪಿಗೆ ಸಿಕ್ಕಿತು, ಷರತ್ತುಗಳ ಜೊತೆ

ನಮ್ಮ ಮನೆ ಪಕ್ಕದ ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟ್ ಬರುತ್ತಿದೆ, ನಗರದ ಪರಿಸರ ಪರಿಶೀಲನೆಯಲ್ಲಿ ತಕರಾರು ಹಾಕಿದರೆ ನಿಲ್ಲುತ್ತದಾ ಅಂತ ಹೋದ ಸಲ ಕೇಳಿದ್ದೆ. ನಿಲ್ಲಲಿಲ್ಲ.

ಆದರೆ ನೀವು ಹೇಳಿದ್ದು ಕೆಲಸಕ್ಕೆ ಬಂತು. ‘ಬೇಡವೇ ಬೇಡ’ ಅಂತ ಬರೆಯುವ ಬದಲು ವರದಿಯ ಪುಟ ಹಿಡಿದು ಪ್ರಶ್ನೆ ಕೇಳಿದೆ. ವಾಹನಗಳ ಎಣಿಕೆಯನ್ನು ಶಾಲೆಗೆ ರಜೆ ಇದ್ದ ವಾರದಲ್ಲಿ ಮಾಡಿದ್ದರು! ತೋರಿಸಿದ ಮೇಲೆ ಮತ್ತೆ ಎಣಿಸಿದರು. ಸದ್ದಿನ ವಿಷಯದಲ್ಲಿ ಮಾತ್ರ ತಪ್ಪು ನನ್ನದೇ. ವಾಹನ ಎರಡರಷ್ಟಾದರೆ ಸದ್ದೂ ಎರಡರಷ್ಟು ಅಂದುಕೊಂಡಿದ್ದೆ. ಏರುವುದು ಸುಮಾರು 3 ಡೆಸಿಬಲ್ ಅಷ್ಟೆ, ಕಿವಿಗೆ ಜಾಸ್ತಿ ಗೊತ್ತಾಗುವುದೂ ಇಲ್ಲ. ಸುಮ್ನೆ ಅರ್ಧ ಪುಟ ಬರೆದಿದ್ದೆ.

ನಿಜವಾಗಿ ಗೆದ್ದಿದ್ದು ಮಳೆನೀರಿನ ವಿಷಯದಲ್ಲಿ. ಮಣ್ಣಿನ ಮೇಲೆ ಕಾಂಕ್ರೀಟ್ ಬಂದರೆ ನೀರು ಇಂಗುವುದಿಲ್ಲ, ತಗ್ಗಿನಲ್ಲಿರುವ ನಮ್ಮ ಕಡೆಗೇ ಹರಿಯುತ್ತದೆ ಅಲ್ವಾ? ಆ ನೀರನ್ನು ತಡೆದು ನಿಧಾನವಾಗಿ ಬಿಡುವ ತೊಟ್ಟಿ ಕಟ್ಟಲೇಬೇಕು ಅಂತ ಷರತ್ತು ಹಾಕಿದ್ದಾರೆ. ಮನೆಗಳಿಗೆ ಜನ ಬರುವ ಮೊದಲೇ ಅದು ಸಿದ್ಧವಿರಬೇಕು. ಎರಡು ಹಳೆಯ ಮರ ಉಳಿದವು, ಮೂರನೆಯದು ಹೋಯಿತು.

ಮೇಲ್ಮನವಿ ಹಾಕುವುದಿಲ್ಲ. ಷರತ್ತುಗಳ ಪ್ರತಿ ತೆಗೆದಿಟ್ಟುಕೊಂಡಿದ್ದೇನೆ. ಪಾಯ ತೆಗೆಯುವ ದಿನದಿಂದ ಬೇಕಾಗುತ್ತದೆ.